ನೀಲಮ್ಮನ ಮೆಸ್ಸಿನ ಮರುದಿನ ಬೆಳಿಗ್ಗೆ

ಗಾದೆಯೊಂದನ್ನು ಹಿಡಿದು, ಅದರ ಕಿವಿ ಹಿಂಡಿ, ತಲೆಕೆಳಗು ನಿಲ್ಲಿಸಿ ಮಾತು ಶುರು ಮಾಡುವುದು ಹರ್ಷವರ್ಧನನ ಅಭ್ಯಾಸ. ಆದರೆ ಈ ಕತೆಯಲ್ಲಿ ಕಿವಿ ಹಿಂಡಿಸಿಕೊಂಡವನು ಅವನೇ ಆದ್ದರಿಂದ ಗಾದೆಗಳಿಗೆ ಇವತ್ತು ರಜೆ ಕೊಡೋಣ. ಇದು ನಡೆದ ಕತೆ. ಉಪ್ಪು ಖಾರ ಸೇರಿಸಿಲ್ಲವೆಂದಲ್ಲ. ಸೇರಿಸಿದ್ದೆಲ್ಲ ಭದ್ರಾವತಿಯ ಒಂದೇ ಅಡುಗೆಮನೆಯ ಉಪ್ಪು, ಒಂದೇ ಅಡುಗೆಮನೆಯ ಖಾರ. ನಂಬದವರು ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಭದ್ರಾವತಿಯಲ್ಲಿಳಿದು ವಿಶಾಲಮ್ಮ ಟೀಚರ ಮನೆ ಯಾವುದೆಂದು ಕೇಳಬಹುದು. ಕೇಳಿದವರಿಗೆ ದಾರಿಯೂ ಸಿಗುತ್ತದೆ, ಊಟವೂ ಸಿಗುತ್ತದೆ.

ಹರ್ಷವರ್ಧನ ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತಿದ್ದ. ಹೊಟ್ಟೆಗೆ ಡೆಬಿಟ್ಟು ಕ್ರೆಡಿಟ್ಟು, ಜೀವಕ್ಕೆ ಮಿಮಿಕ್ರಿ. ಗೋಪಿ ಸರ್ಕಲ್ ಎಂಬ ಹೆಸರನ್ನು ಅರ್ಧ ನುಂಗಿ ಅರ್ಧ ಉಗುಳುವ ಸಿಟಿ ಬಸ್ಸಿನ ಕಂಡಕ್ಟರು, ಮಾತಿಗೆ ಮೊದಲು ಎರಡು ಸಲ ಕೆಮ್ಮುವ ಪ್ರಿನ್ಸಿಪಾಲರು, ಅಡಿಕೆ ರೇಟು ಇಳಿದ ದಿನ ಅಡಿಕೆ ಮಂಡಿಯ ಸಾಹುಕಾರರು ಬಿಡುವ ನಿಟ್ಟುಸಿರು, ಎಲ್ಲವೂ ಅವನ ಗಂಟಲೊಳಗೆ ಬಾಡಿಗೆಗಿದ್ದವು. ಒಮ್ಮೆ ಸ್ಟಾಫ್ ರೂಮಿನ ಕಿಟಕಿಯಿಂದ ಪ್ರಿನ್ಸಿಪಾಲರ ದನಿಯಲ್ಲಿ "ಇವತ್ತು ಮಧ್ಯಾಹ್ನ ರಜೆ" ಎಂದು ಅವನು ಹೇಳಿದ್ದರಿಂದ, ಅರ್ಧ ಕಾಲೇಜು ಗೇಟು ದಾಟಿದ ಮೇಲೆ ನಿಜವಾದ ಪ್ರಿನ್ಸಿಪಾಲರು ಎರಡು ಸಲ ಕೆಮ್ಮಬೇಕಾಗಿ ಬಂತು.

ವಿದ್ಯಾನಗರದ ಮನೆಯಲ್ಲಿ ಅವನೂ ಅವನ ತಾಯಿ ಪುಷ್ಪಮ್ಮನೂ ಇದ್ದರು. ಅಪ್ಪ ಕಾರ್ಖಾನೆಯಲ್ಲಿದ್ದಾಗ, ಹರ್ಷ ಪಿಯುಸಿ ಮುಗಿಸುವವರೆಗೆ, ಅವರ ಮನೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲೇ ಇತ್ತು. ಪುಷ್ಪಮ್ಮನ ಅಕ್ಕ ವಿಶಾಲಮ್ಮ ಮಾತ್ರ ಇಂದಿಗೂ ಅಲ್ಲೇ, ಕಾರ್ಖಾನೆಯ ಗೋಡೆಯಿಂದ ಎರಡು ಬೀದಿ ಈಚೆಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಗಂಡ ಷಡಕ್ಷರಪ್ಪ ಅದೇ ಕಾರ್ಖಾನೆಯಲ್ಲಿ ಶಿಫ್ಟು ಮಾಡಿ ಮಾಡಿ ಈಗ ಪೇಪರಿನ ಹಿಂದೆ ವಿಶ್ರಾಂತಿಯಲ್ಲಿರುವವರು.

ಈ ವಿಶಾಲಮ್ಮ ವಯಸ್ಸಿನಲ್ಲಿದ್ದಾಗ ಒಂದೇ ಒಂದು ಕಾದಂಬರಿ ಬರೆದಿದ್ದರು: 'ನೀಲಮ್ಮನ ಮೆಸ್ಸು'. ಶಿಫ್ಟಿನವರಿಗೆ ಊಟ ಹಾಕುವ ನೀಲಮ್ಮ, ಅವಳ ಗಂಡ ಚೌಡಪ್ಪ, ಎದುರು ಸಾಲಿನಲ್ಲಿ ಪೈಪೋಟಿಗೆ ಇಡ್ಲಿ ಬೇಯಿಸುವ ಸೆಲ್ವಿ. ಇಷ್ಟೇ ಜನ. ಕೊನೆಯ ಪುಟದಲ್ಲಿ ಚೌಡಪ್ಪ ಸೆಕೆಂಡ್ ಶಿಫ್ಟಿಗೆ ಹೋದವನು ಹೊತ್ತಾದರೂ ಮನೆಗೆ ಬಂದಿರುವುದಿಲ್ಲ. ಕ್ವಾರ್ಟರ್ಸಿನ ಪದ್ಧತಿಯಂತೆ ನೀಲಮ್ಮ ಅವನ ಊಟವನ್ನು ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಬೋರಲು ಹಾಕಿ ಮುಚ್ಚಿಟ್ಟು, ದೀಪ ಸಣ್ಣ ಮಾಡಿ ಗೋಡೆಗೊರಗುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು. ಚೌಡಪ್ಪ ಬಂದನೋ ಇಲ್ಲವೋ ಎಂದು ಮೂವತ್ತು ವರ್ಷದಿಂದ ಓದಿದವರೆಲ್ಲ ಕೇಳಿದರು. ವಿಶಾಲಮ್ಮ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದರೇ ಹೊರತು ಉತ್ತರ ಕೊಡಲಿಲ್ಲ.

ಈಗ ಅದು ಟೀವಿ ಧಾರಾವಾಹಿಯಾಗಿತ್ತು, ಅದೂ ಚೆನ್ನಾಗಿ ಬಂದಿತ್ತು. ಪ್ರತಿ ಸಂಚಿಕೆಯಲ್ಲಿ ಒಂದೊಂದು ಸಂಚು ಇಟ್ಟು ನಡೆಸುವ ಧಾರಾವಾಹಿಗಳ ನಡುವೆ ಇದರಲ್ಲಿ ಸಂಚೇ ಇರಲಿಲ್ಲ, ಸಾರು ಕುದಿಯುವುದನ್ನೂ ನಿಧಾನವಾಗಿ ತೋರಿಸುತ್ತಿದ್ದರು. ನೀಲಮ್ಮನ ಪಾತ್ರದ ಹುಡುಗಿ ಮೊದಲ ಸಲ ತಟ್ಟೆ ಮುಚ್ಚಿದ ದಿನ, ಅದರ ಅಂಚಿನಿಂದ ಹಬೆ ಒಂದೆಳೆಯಾಗಿ ಹೊರಗೆ ಬಂತು. ಅಷ್ಟು ಕಂಡದ್ದೇ ವಿಶಾಲಮ್ಮ ಕುರ್ಚಿಯಿಂದೆದ್ದು ತಮ್ಮ ಅಡುಗೆಮನೆಗೆ ಹೋಗಿ, ಅದು ತಮ್ಮದೇ ತಟ್ಟೆಯೇನೋ ಎಂಬಂತೆ, ನೋಡಿ ಬಂದಿದ್ದರು. "ಎಂಥ ಕೈ ಆ ಹುಡುಗೀದು! ಬಿಸಿ ತಟ್ಟೇನ ಸೆರಗಲ್ಲಿ ಹಿಡೀಬೇಕು ಅಂತ ಅದಕ್ಕೆ ಯಾರು ಹೇಳ್ಕೊಟ್ರು?" ಎಂದು ವಾರವಿಡೀ ಕೊಂಡಾಡಿದರು. ಷಡಕ್ಷರಪ್ಪನವರದು ಮಾತ್ರ ಒಂದು ತಕರಾರು. ಭದ್ರಾ ಹೊಳೆಯ ದೃಶ್ಯವನ್ನು ಗಾಜನೂರಿನಲ್ಲಿ ತೆಗೆದಿದ್ದರು. "ತುಂಗೇನ ತೋರ್ಸಿ ಭದ್ರೆ ಅಂದ್ರೆ ಬೆಂಗ್ಳೂರವರು ನಂಬ್ತಾರೆ, ನಾನು ನಂಬಬೇಕಾ?" ಎನ್ನುವುದು ಅವರ ಪ್ರಶ್ನೆ.

ಧಾರಾವಾಹಿ ಕಾದಂಬರಿಯ ಕೊನೆಯ ಪುಟದ ಹತ್ತಿರ ಬಂದಾಗ ನಿರ್ದೇಶಕ ಅಭಯ ಬೆಂಗಳೂರಿನಿಂದ ಬಂದು ವಿಶಾಲಮ್ಮನವರನ್ನು ಕಂಡ. ಜನ ಬಿಡುತ್ತಿಲ್ಲ, ಚಾನೆಲ್ಲಿನವರೂ ಬಿಡುತ್ತಿಲ್ಲ, ಕತೆಯನ್ನು ಮುಂದುವರಿಸಲು ಒಪ್ಪಿಗೆ ಬೇಕು ಎಂದ. ನೀವು ಬೇಡವೆಂದರೆ ಅಲ್ಲಿಗೇ ನಿಲ್ಲಿಸುತ್ತೇನೆ, ಯೋಚಿಸಿ ನೀವೇ ಫೋನ್ ಮಾಡಿ, ನಾನಾಗಿ ತೊಂದರೆ ಕೊಡುವುದಿಲ್ಲ ಎಂದೂ ಹೇಳಿ ಹೋದ. ಹರ್ಷ ಅವತ್ತು ಕಾಲೇಜಿನಲ್ಲಿದ್ದ, ನಿರ್ದೇಶಕನನ್ನು ಕಾಣಲಾಗಲಿಲ್ಲ. ಆ ಹೊಟ್ಟೆಯುರಿಗೆ ಯೂಟ್ಯೂಬಿನಲ್ಲಿದ್ದ ಅವನದೊಂದು ಸಂದರ್ಶನವನ್ನು ಮತ್ತೆ ಮತ್ತೆ ಕೇಳಿ ದನಿಯನ್ನು ಗಂಟಲಿಗಿಳಿಸಿಕೊಂಡ. ಮೂಗಿನಿಂದ ಹೊರಡುವ, ಎರಡು ಮಾತಿಗೊಮ್ಮೆ 'ಐ ಮೀನ್' ಎನ್ನುವ ದನಿ.

ಮುಂದಿನ ಭಾನುವಾರ ಹರ್ಷನೂ ಪುಷ್ಪಮ್ಮನೂ ಭದ್ರಾವತಿಗೆ ಹೋದಾಗ ಊಟದ ಜೊತೆಗೆ ವಾದವನ್ನೂ ಬಡಿಸಲಾಯಿತು.

"ನಾನು ಒಪ್ಪಲ್ಲ," ಎಂದರು ವಿಶಾಲಮ್ಮ. "ಟಿಆರ್‌ಪಿ ಟಿಆರ್‌ಪಿ ಅಂತಾರಲ್ಲ..."

"ಅದನ್ನ ಬೇಗ ಬೇಗ ಹೇಳಿದ್ರೆ ತಿರುಪೆ ಆಗುತ್ತೆ ದೊಡ್ಡಮ್ಮ," ಎಂದ ಹರ್ಷ.

"ಆಗ್ಲಿ. ಅದಕ್ಕೋಸ್ಕರ ನನ್ನ ನೀಲಮ್ಮನ್ನ ಬೀದಿಗೆ ಕಳಿಸಲ್ಲ. ಕತೆ ಅಂದ್ರೆ ಡಿಪೋ ತನಕ ಹೋಗಲೇಬೇಕು ಅನ್ನೋಕೆ ಬಸ್ಸಾ? ನನ್ನ ಸ್ಟಾಪ್ ಬಂತು, ನಾನು ಇಳಿದೆ."

"ನೀನು ಇಳಿದೆ ದೊಡ್ಡಮ್ಮ. ಬಸ್ಸಲ್ಲಿ ಇನ್ನೂ ಜನ ಕೂತಿದಾರಲ್ಲ? ಅಮ್ಮನೇ ಕೂತಿದಾಳೆ ನೋಡು, ಕಿಟಕಿ ಪಕ್ಕ."

"ಹೌದಕ್ಕ," ಎಂದರು ಪುಷ್ಪಮ್ಮ, ಸಾರಿನಲ್ಲಿ ಅನ್ನ ಕಲಸುತ್ತ. "ನೀನು ಬರೆದಾಗಿಂದ ಕೇಳ್ತಿದೀನಿ, ಒಡಹುಟ್ಟಿದವಳಿಗೂ ಹೇಳಲ್ಲ ಅಂದ್ರೆ ಹೆಂಗೆ? ಚೌಡಪ್ಪ ಬಂದ್ನಾ ಇಲ್ವಾ?"

"ಪುಷ್ಪಾ, ಹಾಗಲಕಾಯಿ ಪಲ್ಯ ಹಾಕ್ಲಾ?"

"ನೋಡಿದ್ಯಾ ಹೆಂಗೆ ಮಾತು ತಪ್ಪಿಸ್ತಾಳೆ!"

"ನನಗೆ ಮಾತ್ರ ಹಾಗಲಕಾಯಿ ಬೇಡಪ್ಪ," ಎಂದು ಹರ್ಷ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಅವನಿಗೂ ಹಾಗಲಕಾಯಿಗೂ ಹಾಲುಹಲ್ಲಿನ ಕಾಲದ ವೈರ.

ಹರ್ಷನಿಗೆ ಧಾರಾವಾಹಿ ಮುಂದುವರಿಯಬೇಕಿತ್ತು. ತನಗಾಗಿ ಅಲ್ಲ. ನಿವೃತ್ತಿಯಾದ ಮೇಲೆ ದೊಡ್ಡಮ್ಮ ಮಾತು ಕಮ್ಮಿ ಮಾಡಿ, ಮಂಕಾಗಿ, ಗಿಡಕ್ಕೆ ನೀರು ಹಾಕುವುದನ್ನೇ ದಿನದ ದೊಡ್ಡ ಕೆಲಸವೆಂದುಕೊಂಡಿದ್ದರು. ಧಾರಾವಾಹಿ ಶುರುವಾದ ಮೇಲೆ ಸಂಜೆ ಏಳಕ್ಕೆ ಮನೆ ತುಂಬ ಅಕ್ಕಪಕ್ಕದವರು. ತರಕಾರಿ ಅಂಗಡಿಯಲ್ಲಿ "ನೀಲಮ್ಮನ ಅಮ್ಮ ಬಂದ್ರು" ಎನ್ನುತ್ತಿದ್ದರು. ದೊಡ್ಡಮ್ಮನ ನಗು ಮರಳಿ ಬಂದಿತ್ತು. ಆ ನಗು ಕೊನೆಯ ಸಂಚಿಕೆಯ ಜೊತೆಗೇ ಆರಿಹೋದರೆ? ಹೆಸರಿಗೇ ಹರ್ಷವರ್ಧನನಾದವನು ನೋಡುತ್ತ ಕೂರುವುದು ಹೇಗೆ?

ಅವನ ಉಪಾಯ ಹೀಗಿತ್ತು. ದೊಡ್ಡಮ್ಮನಿಗೆ ಬರೆಯಿರಿ ಎಂದರೆ ಬರೆಯುವವರಲ್ಲ. ಆದರೆ ಮೂವತ್ತು ವರ್ಷ ಟೀಚರಾಗಿದ್ದವರು. ಎದುರಿಗೆ ಯಾರಾದರೂ ತಪ್ಪು ಬರೆದರೆ ತಿದ್ದದೆ ಬಿಡುವವರೂ ಅಲ್ಲ. ಹಾಗಾದರೆ ತಪ್ಪು ಉತ್ತರವನ್ನೇ ಕೊಟ್ಟರಾಯಿತು.

ಮಂಗಳವಾರ ಸಂಜೆ ಸಹೋದ್ಯೋಗಿ ಯುವರಾಜನ ಫೋನು ಇಸಿದುಕೊಂಡು, ಖಾಲಿ ಕ್ಲಾಸ್ ರೂಮಿನ ಬಾಗಿಲು ಹಾಕಿ, ದನಿಯನ್ನು ಮೂಗಿಗೇರಿಸಿದ.

"ನಮಸ್ತೆ ಮೇಡಂ, ಅಭಯ. ಐ ಮೀನ್, ಡೈರೆಕ್ಟರ್ ಅಭಯ."

"ಹೇಳಿ ಅಭಯ. ಯಾಕೆ, ದನಿ ಹೀಗಾಗಿದೆ?"

"ಶೂಟಿಂಗ್ ಧೂಳು ಮೇಡಂ. ನೀವೇ ಫೋನ್ ಮಾಡ್ತೀರಿ ಅಂತ ಕಾದೆ, ತಡೀಲಿಲ್ಲ. ನಮ್ಮ ರೈಟರ್ಸ್ ಒಂದು ಐಡಿಯಾ ತಂದಿದಾರೆ. ನೀಲಮ್ಮನಿಗೊಬ್ಬಳು ಅವಳಿ ತಂಗಿ ಇರ್ತಾಳೆ, ಐ ಮೀನ್, ಹುಟ್ಟಿದ ದಿನವೇ ಆಸ್ಪತ್ರೇಲಿ ಅದಲು ಬದಲಾಗಿ ಸಿಂಗಪುರಕ್ಕೆ ಹೋಗಿರ್ತಾಳೆ. ಅವಳು ಈಗ ಹೆಲಿಕಾಪ್..."

ಆ ಕಡೆಯಲ್ಲಿ ಕಾರ್ಖಾನೆಯ ಐದು ಗಂಟೆಯ ಸೈರನ್ನು ಎದ್ದಿತು. ಊ ಎಂದು ಏರಿ, ಎಳೆದು, ಇಳಿದು ನಿಂತಿತು.

"...ಟರಲ್ಲಿ ಬಂದು ಮೆಸ್ಸಿನ ಮುಂದೆ ಇಳೀತಾಳೆ," ಎಂದು ಮುಗಿಸಿದ ಹರ್ಷ.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ವಿಶಾಲಮ್ಮನ ದನಿ ಬಂತು. ತುಂಬ ಮೃದುವಾಗಿತ್ತು.

"ಇಳಿದ್ರೆ ನೀಲಮ್ಮ ಏನ್ ಮಾಡ್ತಾಳೆ ಅಂತ ಗೊತ್ತಾ ಅಭಯ ನಿಮಗೆ?"

"ತಬ್ಕೊಂಡು ಅಳ್ತಾಳೆ ಮೇಡಂ. ಕ್ಲೋಸಪ್ಪಲ್ಲಿ."

"ತಂಗಿ ಮುಖ ನೋಡೋಕೂ ಮುಂಚೆ ಪೊರಕೆ ತಗೋತಾಳೆ. ಅಂಗಳದಲ್ಲಿ ಒಣಗಿಹಾಕಿದ ಹಪ್ಪಳ ಎಲ್ಲ ಆ ಫ್ಯಾನಿನ ಗಾಳಿಗೆ ಹಾರಿಹೋಗಿರುತ್ತಲ್ಲ? ಮೊದಲು ಅದರ ಲೆಕ್ಕ, ಆಮೇಲೆ ಅಳು."

ಹರ್ಷ ನಗು ತಡೆಯಲು ಡಸ್ಟರು ಕಚ್ಚಿಕೊಳ್ಳಬೇಕಾಯಿತು. ಫೋನಿಟ್ಟ ಮೇಲೆ ಬೋರ್ಡಿನ ಮುಂದೆ ಒಂದು ಸುತ್ತು ಕುಣಿದ. ನೀಲಮ್ಮ ಮುಗಿದಿಲ್ಲ! ಅವಳು ದೊಡ್ಡಮ್ಮನ ನಾಲಗೆಯ ತುದಿಯಲ್ಲೇ ಪೊರಕೆ ಹಿಡಿದು ನಿಂತಿದ್ದಾಳೆ.

ಗುರುವಾರ ಮತ್ತೆ ಫೋನು. ಈ ಸಲ ಸೆಲ್ವಿಯ ಸರದಿ. ಪೈಪೋಟಿಯ ಹೊಟ್ಟೆಕಿಚ್ಚಿಗೆ ಸೆಲ್ವಿ ನೀಲಮ್ಮನ ಮೆಸ್ಸಿನ ಸಾಂಬಾರಿಗೆ ವಿಷ ಬೆರೆಸುತ್ತಾಳೆ ಎಂದು ಮೂಗಿನ ದನಿಯಲ್ಲಿ ವಿವರಿಸಿದ.

"ಸೆಲ್ವೀನಾ? ವಿಷಾನಾ?" ವಿಶಾಲಮ್ಮ ಗಂಟಲು ಸರಿ ಮಾಡಿಕೊಂಡರು. ಮರುಗಳಿಗೆಯಲ್ಲಿ ಫೋನಿನಲ್ಲಿದ್ದವಳು ಬೇರೆಯೇ ಹೆಂಗಸು, ಭದ್ರಾವತಿಯ ತಮಿಳು ಸಾಲಿನಿಂದ ಸೊಂಟದ ಮೇಲೆ ಕೈಯಿಟ್ಟು ಎದ್ದುಬಂದವಳು. "ಅಯ್ಯೋ ಸಾಮೀ! ಸಾಂಬಾರ್‌ಗೆ ನಾನ್ ಪುಳಿ ಜಾಸ್ತಿ ಹಾಕ್ತೀನಿ, ಒಪ್ಕೋತೀನಿ. ಆ ನೀಲಮ್ಮ ಬೆಲ್ಲ ಜಾಸ್ತಿ ಹಾಕ್ತಾಳೆ, ಅವ್ಳು ಒಪ್ಕೋತಾಳಾ ಕೇಳು! ವಿಷ ಹಾಕ್ದ್ರೆ ರುಸಿ ಕೆಟ್ಟೋಗಲ್ವಾ? ನಾನ್ ಅಡಿಗೆಯವ್ಳು ಸಾಮೀ, ಬೇಕಾದ್ರೆ ಜಗಳ ಆಡ್ತೀನಿ, ಸಾಂಬಾರ್ ಕೆಡ್ಸಲ್ಲ!"

ಹರ್ಷ ಬೆಂಚಿನ ಮೇಲೆ ಕುಸಿದು ಕೂತ. ಇಷ್ಟು ವರ್ಷ ತನ್ನ ಮಿಮಿಕ್ರಿ ಯಾರ ಕಡೆಯಿಂದ ಬಂತೆಂದು ಅವನಿಗೇ ಗೊತ್ತಿರಲಿಲ್ಲ. ಅಪ್ಪನ ಕಡೆ ಎಲ್ಲರದೂ ಒಂದೇ ರಾಗ, ಅಮ್ಮನಿಗೆ ಅವಳ ದನಿಯೇ ಹೆಚ್ಚು. ಇದೀಗ ಉತ್ತರ ಸಿಕ್ಕಿತು. ತಾನು ದನಿಯನ್ನು ಮಾತ್ರ ತರುತ್ತಿದ್ದ. ದೊಡ್ಡಮ್ಮ ದನಿಯ ಜೊತೆಗೆ ಆ ಹೆಂಗಸಿನ ಇಡೀ ಅಡುಗೆಮನೆಯನ್ನೇ ತಂದಿಟ್ಟಿದ್ದರು. ಒಗ್ಗರಣೆಯ ವಾಸನೆ ಕೂಡ ಬಂದಂತಾಯಿತು.

"ಮೇಡಂ," ಎಂದ, ನಿಜವಾದ ಬೆರಗಿನಿಂದ. "ಇದನ್ನೆಲ್ಲ ನೀವು ಬರೀಬೇಕು."

"ನಾನ್ಯಾಕೆ ಬರೀಲಿ? ನೀವಿದೀರಲ್ಲ, ಹೆಲಿಕಾಪ್ಟರಿನವರು," ಎಂದು ವಿಶಾಲಮ್ಮ ಫೋನಿಟ್ಟರು.

ಶುಕ್ರವಾರ ಹರ್ಷ ದೊಡ್ಡ ಬಾಣವನ್ನೇ ಬಿಟ್ಟ. ಚೌಡಪ್ಪ ವಾಪಸ್ ಬರುತ್ತಾನೆ. ನೆನಪು ಹೋಗಿ, ಮುಂಬಯಿಯಲ್ಲಿ ಕೋಟ್ಯಧಿಪತಿಯಾಗಿ, ಕೋಟು ಹಾಕಿಕೊಂಡು ತನ್ನದೇ ಹೆಂಡತಿಯ ಮೆಸ್ಸಿಗೆ ಊಟಕ್ಕೆ ಬರುತ್ತಾನೆ. ಮುಚ್ಚಿಟ್ಟ ತಟ್ಟೆಯನ್ನು ಅವನೇ ಎತ್ತುತ್ತಾನೆ. ಹೇಳುತ್ತ ಹೇಳುತ್ತ ಅವನಿಗೇ ನಗು ಬರುತ್ತಿತ್ತು. ಈಗ ಬರುತ್ತದೆ ಪೊರಕೆ ಎಂದು ಕಾದ.

ಪೊರಕೆ ಬರಲಿಲ್ಲ.

"ಅಭಯ," ಎಂದರು ವಿಶಾಲಮ್ಮ. "ಇದೊಂದು ಮಾತ್ರ ತಮಾಷೆಗೂ ಬೇಡ. ಯಾಕೆ ಅಂತ ಯಾರಿಗೂ ಹೇಳಿಲ್ಲ, ನಿಮಗೆ ಹೇಳ್ತೀನಿ. ಪುಸ್ತಕ ಬಂದ ವರ್ಷ ಹಳೇ ಸಾಲಿನ ಕ್ವಾರ್ಟರ್ಸಿಂದ ಒಬ್ಬ ಹೆಂಗಸು ನಮ್ಮ ಮನೆಗೆ ಬಂದಿದ್ಲು. ಅವಳ ಗಂಡ ಶಿಫ್ಟು ಮುಗಿಸಿ ಸೈಕಲ್ಲಲ್ಲಿ ಬರ್ತಾ ಲಾರಿಗೆ ಸಿಕ್ಕಿ ಹೋಗಿದ್ದ. ಓದೋಕೆ ಬರ್ತಿರಲಿಲ್ಲ ಅವಳಿಗೆ, ಮಗಳು ಓದಿ ಹೇಳಿದ್ದಂತೆ. ನನ್ನ ಕೈ ಹಿಡ್ಕೊಂಡು ಏನಂದ್ಲು ಗೊತ್ತಾ? 'ಟೀಚರೇ, ನಿಮ್ಮ ಪುಸ್ತಕದಾಗೆ ನಮ್ಮನೆಯವರು ಇನ್ನೂ ದಾರೀಲಿದಾರೆ' ಅಂದ್ಲು."

ಹರ್ಷ ಕೈಯಲ್ಲಿದ್ದ ಡಸ್ಟರನ್ನು ಕೆಳಗಿಟ್ಟ.

"ಚೌಡಪ್ಪ ಬಂದ ಅಂತ ತೋರ್ಸಿದ್ರೂ ಅವಳ ಗಂಡ ದಾರಿ ತಪ್ಪಿದ. ಸತ್ತ ಅಂತ ತೋರ್ಸಿದ್ರೂ ತಪ್ಪಿದ. ಅವಳೂ ಈಗ ದಿನಾ ಟೀವಿ ನೋಡ್ತಾಳೆ, ನಾಲ್ಕು ಮನೆ ಆಚೆ. ಅದಕ್ಕೇ ನಾನು ಬೇಡ ಅನ್ನೋದು. ಜಂಬಕ್ಕಲ್ಲ ಮಾರಾಯ."

ಹರ್ಷನಿಗೆ ತನ್ನ ಹೆಲಿಕಾಪ್ಟರು, ವಿಷ, ಕೋಟು ಎಲ್ಲವೂ ಸಣ್ಣದಾಗಿ ಕಂಡವು. ಫೋನಿಟ್ಟುಬಿಡೋಣ, ಇಲ್ಲವೇ ನಾನು ಹರ್ಷ ಎಂದು ಹೇಳಿಬಿಡೋಣ ಎನಿಸಿತು. ಆದರೆ ಕ್ವಾರ್ಟರ್ಸಿನಲ್ಲಿ ಬೆಳೆದವನ ತಲೆಯಲ್ಲಿ ಒಂದು ಪ್ರಶ್ನೆ ಎದ್ದುಬಿಟ್ಟಿತ್ತು, ಅದು ನಾಟಕದ್ದಲ್ಲ. ಅವನ ತಾಯಿ ತಟ್ಟೆ ಮುಚ್ಚಿಡುತ್ತಿದ್ದುದನ್ನು ಅವನು ನೋಡಿದ್ದ. ಅಪ್ಪ ಒಮ್ಮೊಮ್ಮೆ ಓವರ್‌ಟೈಮಿಗೆ ನಿಂತು ಬೆಳಗಾದರೂ ಬಾರದಿದ್ದರೆ ಆ ತಟ್ಟೆಯನ್ನು ಚೆಲ್ಲುತ್ತಿರಲಿಲ್ಲ, ಮನೆಯವರು ಉಣ್ಣುತ್ತಲೂ ಇರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಮೊದಲು ಯಾರು ಬಂದರೋ, ಹಾಲಿನವನೋ, ಹೂವಿನವಳೋ, ಅವರನ್ನು ಕೂರಿಸಿ ಮೊಸರು ಹಾಕಿ ಉಣ್ಣಿಸಿ ಕಳಿಸುವುದು ಸಾಲಿನ ಪದ್ಧತಿ. ಉಂಡವರ ಹೊಟ್ಟೆ ತಣ್ಣಗಾದರೆ ಬರಬೇಕಾದವರು ಸುಖವಾಗಿರುತ್ತಾರೆ ಎಂದು ನಂಬಿಕೆ.

"ಮೇಡಂ, ಹಾಗಾದ್ರೆ..." ಎಂದ, ಮೂಗಿನ ದನಿಯೂ ಅರ್ಧ ಜಾರಿಹೋಗಿತ್ತು. "ಮರುದಿನ ಬೆಳಿಗ್ಗೆ ಆ ತಟ್ಟೆ ಯಾರಿಗೆ ಹೋಯ್ತು?"

ಫೋನಿನ ಆ ಕಡೆ, ದೂರದಲ್ಲೆಲ್ಲೋ ಷಡಕ್ಷರಪ್ಪ ಪೇಪರು ಮಡಿಸುವ ಸದ್ದು ಕೇಳಿಸಿತು.

"ಅಯ್ಯೋ," ಎಂದರು ವಿಶಾಲಮ್ಮ ಕೊನೆಗೆ, ಹುಡುಗಿಯ ದನಿಯಲ್ಲಿ. "ಬೆಳಿಗ್ಗೆ ಅನ್ನೋದೊಂದು ಇತ್ತಲ್ಲ. ನಾನು ರಾತ್ರಿಯಲ್ಲೇ ಇಷ್ಟು ವರ್ಷ ಕೂತುಬಿಟ್ಟಿದ್ದೆ."

ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ ನಿಧಾನವಾಗಿ ಹೇಳತೊಡಗಿದರು. ಬೆಳಿಗ್ಗೆ ನೀಲಮ್ಮ ಬಾಗಿಲು ತೆಗೆಯುತ್ತಾಳೆ. ಮೊದಲು ಬಂದವಳು ಸೆಲ್ವಿ. ಎರಡು ವರ್ಷದಿಂದ ಮಾತು ಬಿಟ್ಟವಳು. ಎದುರು ಸಾಲಿನಿಂದ ರಾತ್ರಿಯಿಡೀ ಇತ್ತ ದೀಪ ಆರದ್ದನ್ನು ನೋಡಿದ್ದಾಳೆ. ಏನು ಕೇಳಬೇಕೆಂದು ತಿಳಿಯದೆ, ಇಡ್ಲಿ ಹಿಟ್ಟಿನ ಪಾತ್ರೆ ಹಿಡಿದು "ನಮ್ಮ ಒಲೆ ಹೊಗೆ ಬರ್ತಿದೆ, ನಿಮ್ಮ ಒಲೇಲಿ ಬೇಯ್ಸ್ಕೊಳ್ಲಾ?" ಎನ್ನುತ್ತಾಳೆ. ನೀಲಮ್ಮ ಅವಳನ್ನು ಕೂರಿಸಿ ತಟ್ಟೆ ತೆಗೆದು ಮುಂದಿಡುತ್ತಾಳೆ. ಸೆಲ್ವಿ ಒಂದು ತುತ್ತು ಬಾಯಿಗಿಟ್ಟು, ಕಣ್ಣೀರು ಇಳಿಯುತ್ತಿದ್ದರೂ, ಸಾರಿಗೆ ಬೆಲ್ಲ ಜಾಸ್ತಿಯಾಯಿತು ಎನ್ನುತ್ತಾಳೆ. ಅವತ್ತಿನಿಂದ ಎರಡು ಮೆಸ್ಸು ಒಂದಾಗುತ್ತವೆ. ರಾತ್ರಿ ಮತ್ತೆ ತಟ್ಟೆ ಮುಚ್ಚಿಡುತ್ತಾರೆ. ಬೆಳಿಗ್ಗೆ ಮತ್ತೆ ಯಾರೋ ಬಾಗಿಲಿಗೆ ಬರುತ್ತಾರೆ. ಬಂದವರದ್ದೆಲ್ಲ ಒಂದೊಂದು ಕತೆ.

"ಚೌಡಪ್ಪ?" ಎಂದ ಹರ್ಷ.

"ದಾರೀಲಿದಾನೆ," ಎಂದರು ವಿಶಾಲಮ್ಮ. "ಭಾನುವಾರ ನಮ್ಮನೇಲಿ ಊಟಕ್ಕೆ ಬನ್ನಿ ಅಭಯ. ನೀವೇ ಬರಬೇಕು. ಒಪ್ಪಿಗೇನೋ, ಇಲ್ಲವೋ, ಎದುರಿಗೇ ಹೇಳ್ತೀನಿ."

"ಬರ್ತೀನಿ ದೊಡ್...ಮೇಡಂ," ಎಂದುಬಿಟ್ಟ ಹರ್ಷ. ಫೋನಿಟ್ಟ ಮೇಲೆ ತಲೆ ಮೇಲೆ ಕೈ ಹೊತ್ತ. ನಿರ್ದೇಶಕನನ್ನು ಎಲ್ಲಿಂದ ತರುವುದು?

ಭಾನುವಾರ ತಾಯಿಯ ಜೊತೆ ಭದ್ರಾವತಿಯ ಬಸ್ಸು ಹತ್ತಿದವನು ಎಲ್ಲವನ್ನೂ ಒಪ್ಪಿಕೊಳ್ಳುವುದೆಂದು ತೀರ್ಮಾನಿಸಿದ್ದ. ದಾರಿಯುದ್ದಕ್ಕೂ ಒಪ್ಪಿಕೊಳ್ಳುವ ಮಾತನ್ನು ತನ್ನದೇ ದನಿಯಲ್ಲಿ ಅಭ್ಯಾಸ ಮಾಡಿದ. ವಿಚಿತ್ರವೆಂದರೆ ಅದೊಂದು ದನಿಯೇ ಸರಿಯಾಗಿ ಬರುತ್ತಿರಲಿಲ್ಲ.

"ಏನೋ ಗೊಣಗ್ತಿದೀಯಾ?" ಎಂದರು ಪುಷ್ಪಮ್ಮ.

"ಮಂತ್ರ ಹೇಳ್ಕೋತಿದೀನಿ."

ದೊಡ್ಡಮ್ಮನ ಮನೆಯ ಬಾಗಿಲಿಗೆ ಮೊದಲು ಕಾಲಿಟ್ಟವನು ಅವನೇ. ನಡುಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ತಟ್ಟೆ, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ತಟ್ಟೆ.

"ಅದು ಯಾರಿಗಕ್ಕ?" ಎಂದು ಪುಷ್ಪಮ್ಮ ಕೇಳಿದರು.

"ಡೈರೆಕ್ಟರಿಗೆ. ಬರ್ತೀನಿ ಅಂತ ಅವರೇ ಬಾಯ್ಬಿಟ್ಟು ಹೇಳಿದಾರೆ. ಅಲ್ವೇನೋ ಹರ್ಷ?"

"ನನಗೇನು ಗೊತ್ತು ದೊಡ್ಡಮ್ಮ," ಎಂದ ಹರ್ಷನ ಅಂಗಿಯ ಕಾಲರು ಒದ್ದೆಯಾಯಿತು. ಷಡಕ್ಷರಪ್ಪನವರ ಪೇಪರು ಯಾಕೋ ಅಲುಗುತ್ತಿತ್ತು.

ಎಲ್ಲರೂ ಊಟಕ್ಕೆ ಕೂತರು. ವಿಶಾಲಮ್ಮ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದರು. ಇನ್ನು ಹೇಳಿಬಿಡಬೇಕು ಎಂದು ಹರ್ಷ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಕ್ಯಾಪು ಹಾಕಿದ ಒಬ್ಬ ಮನುಷ್ಯ ಕಾಣಿಸಿದ. ಗುಂಡಗಿನ ಮುಖ, ಕಪ್ಪು ಕನ್ನಡಕ, ತುಂಬು ಗಂಟಲು.

"ನಮಸ್ಕಾರ ಮೇಡಂ, ಸ್ವಲ್ಪ ತಡ ಆಯ್ತು. ನಾನು ಅಭಯ."

ಹರ್ಷನ ತಲೆಯಲ್ಲಿ ತಟ್ಟನೆ ದೀಪ ಹತ್ತಿತು. ಓಹೋ! ದೊಡ್ಡಮ್ಮನಿಗೆ ಹೇಗೋ ತಿಳಿದಿದೆ. ತನಗೆ ಬುದ್ಧಿ ಕಲಿಸಲು ಯಾವುದೋ ಆರ್ಕೆಸ್ಟ್ರಾದ ಮಿಮಿಕ್ರಿಯವನನ್ನು ಹಿಡಿದು ತಂದಿದ್ದಾರೆ. ಸಂದರ್ಶನದಲ್ಲೂ ಕ್ಯಾಪು, ಕನ್ನಡಕ. ಅದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆದರೆ ದನಿ? ಎದೆಯ ಭಾರವೆಲ್ಲ ಇಳಿದು ಹೋಗಿ ಕಲಾವಿದನ ಅಭಿಮಾನ ಎದ್ದು ನಿಂತಿತು. ಒಪ್ಪಿಕೊಳ್ಳುವ ಮಾತು ಬಸ್ಸಿನಲ್ಲೇ ಉಳಿಯಿತು.

"ಸ್ವಾಮೀ, ಬನ್ನಿ, ಕೂತ್ಕೊಳ್ಳಿ," ಎಂದ ನಗುತ್ತ. "ವೇಷ ಪರ್ವಾಗಿಲ್ಲ, ದನಿ ಮಾತ್ರ ಒಂಚೂರೂ ಹೊಂದಲ್ಲ. ಎಷ್ಟು ದಿನದಿಂದ ಮಾಡ್ತಿದೀರಿ?"

"ಏನನ್ನ?" ಎಂದ ಆ ಮನುಷ್ಯ.

"ಅಭಯನ್ನ!"

"ಹುಟ್ಟಿದಾಗಿಂದ," ಎಂದ ಅವನು, ಗಲಿಬಿಲಿಯಿಂದ.

"ಹಾಗಂತ ಎಲ್ಲರೂ ಅಂದ್ಕೋತಾರೆ. ನೋಡಿ, ಬೇಜಾರು ಮಾಡ್ಕೋಬೇಡಿ, ಕಸುಬಿನವನಾಗಿ ಹೇಳ್ತೀನಿ. ಅಭಯ ಹೀಗೆ ಎದೆಯಿಂದ ಮಾತಾಡಲ್ಲ. ಎರಡು ಮಾತಿಗೊಂದು 'ಐ ಮೀನ್' ಹಾಕಿ. ಹೊಟ್ಟೆ ಒಳಗೆಳ್ಕೊಳ್ಳಿ. ದನೀನ ಮೇಲಕ್ಕೆ ತನ್ನಿ. ಎಲ್ಲಾ ಇಲ್ಲಿಂದ ಬರಬೇಕು, ಈ ಮೂ..."

ಕಾರ್ಖಾನೆಯ ಎರಡು ಗಂಟೆಯ ಸೈರನ್ನು ಎದ್ದಿತು.

ನಡುಮನೆ ಚಿತ್ರಪಟದಂತಾಯಿತು. ವಿಶಾಲಮ್ಮನ ಕೈಯ ಚೊಂಬು ಲೋಟದ ಮೇಲೆ ಬಾಗಿದ್ದಲ್ಲೇ ನಿಂತಿತು. ಪುಷ್ಪಮ್ಮನ ತುತ್ತು ಬಾಯಿಯ ಹತ್ತಿರ ನಿಂತಿತು. ಷಡಕ್ಷರಪ್ಪ ಉಪ್ಪಿನಕಾಯಿಗೆ ಚಾಚಿದ ಬೆರಳು ಗಾಳಿಯಲ್ಲಿ ನಿಂತಿತು. ಹರ್ಷ ಮೂಗಿನ ಮೇಲೆ ಬೆರಳಿಟ್ಟು, ಬಾಯಿ ತೆರೆದುಕೊಂಡೇ ನಿಂತ. ಸೈರನ್ನು ಕೂಗುವಾಗ ಈ ಬೀದಿಗಳಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ತೊಟ್ಟಿಲ ಕಾಲದಿಂದ ಎಲ್ಲರೂ ಎಲ್ಲಿದ್ದಾರೋ ಅಲ್ಲೇ ತಡೆದು, ಅದು ಇಳಿದ ಮೇಲೆ ಬಿಟ್ಟಲ್ಲಿಂದ ಹಿಡಿದುಕೊಳ್ಳುತ್ತಾರೆ. ಹಾಗೆ ಮಾಡುತ್ತಿದ್ದೇವೆಂದು ಅವರಿಗೇ ಗೊತ್ತಿರುವುದಿಲ್ಲ.

ಒಬ್ಬ ಮಾತ್ರ ನಿಲ್ಲಲಿಲ್ಲ. ಕ್ಯಾಪಿನವನು ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೂ ಕಿಟಕಿಗೂ ಓಡಾಡುತ್ತ ಕಿರುಚುತ್ತಿದ್ದ. "ಏನ್ರೀ ಇದು? ಎಲ್ಲಿ ಬೆಂಕಿ? ಹೊರಗೆ ಹೋಗ್ಬೇಕಾ? ಯಾಕೆ ಎಲ್ಲರೂ ಸುಮ್ಮನಿದೀರಿ?"

ಸೈರನ್ನು ಇಳಿಯಿತು. ಮಜ್ಜಿಗೆ ಲೋಟಕ್ಕೆ ಬಿತ್ತು. ತುತ್ತು ಬಾಯಿಗೆ ಹೋಯಿತು.

"...ಗಿನಿಂದ," ಎಂದು ಮುಗಿಸಿದ ಹರ್ಷ.

ಮುಗಿಸಿದವನು ಹಾಗೇ ನಿಂತುಬಿಟ್ಟ. ಕಿವಿಯಿಂದ ಕೈ ತೆಗೆಯದ ಆ ಮನುಷ್ಯನನ್ನು ನೋಡಿದ. ಮೂಗಿನ ಮೇಲಿದ್ದ ತನ್ನದೇ ಬೆರಳನ್ನು ನೋಡಿದ. ಮಂಗಳವಾರದ ಹೆಲಿಕಾಪ್ಟರು ಅವನ ತಲೆಯ ಮೇಲೆ ಬಂದು ನಿಧಾನವಾಗಿ ಇಳಿಯಿತು.

"ಇವರು... ನಿಜವಾದ..."

"ಅಭಯ," ಎಂದರು ವಿಶಾಲಮ್ಮ. "ಶುಕ್ರವಾರ ರಾತ್ರಿ ನಾನೇ ಫೋನ್ ಮಾಡಿ ಕರೆದೆ. ಮೊದಲ ದಿನ ಮೂಗಿನ ದನಿ ಕೇಳಿ, ಪಾಪ, ಇವರಿಗೆ ನೆಗಡಿ ಅಂದ್ಕೊಂಡೆ. ಆಮೇಲೆ 'ಹೆಲಿಕಾಪ್' ಅಂತ ನಿಲ್ಸಿ, ಸೈರನ್ ಮುಗಿದ ಮೇಲೆ 'ಟರಲ್ಲಿ' ಅಂದೆ ನೋಡು! ಬೆಂಗ್ಳೂರವರು ಯಾರೋ ನಮ್ಮ ಸೈರನ್ನಿಗೆ ಕಾಯೋರು? ಇಂಥ ಕೆಲಸಕ್ಕೆ ಇಳಿಯೋನು, ಈ ಕ್ವಾರ್ಟರ್ಸಲ್ಲಿ ಬೆಳೆದೋನು, ಊರಲ್ಲಿ ಒಬ್ಬನೇ."

"ಆ ಇಂಟರ್‌ವ್ಯೂ ದಿನ ನನಗೆ ವಿಪರೀತ ನೆಗಡಿ ಸರ್," ಎಂದು ಅಭಯ ಸಂಕೋಚದಿಂದ ಸೇರಿಸಿದ. "ತಲೆ ಓಡ್ತಿರಲಿಲ್ಲ, ಅದಕ್ಕೇ ಆ ಐ ಮೀನ್."

"ಅಂದ್ರೆ ಇವನು ಇಷ್ಟು ದಿನ ನೆಗಡಿಯ ಮಿಮಿಕ್ರಿ ಮಾಡಿದಾನೆ," ಎಂದರು ಷಡಕ್ಷರಪ್ಪ, ಪೇಪರನ್ನು ಪೂರ್ತಿ ಕೆಳಗಿಟ್ಟು.

"ಗೊತ್ತಿದ್ದೂ ಯಾಕೆ ದೊಡ್ಡಮ್ಮ ಸುಮ್ನಿದ್ದೆ?"

ವಿಶಾಲಮ್ಮ ಅವನ ತಲೆ ಮುಟ್ಟಿದರು. "ನಾಲ್ಕು ಜನ ಕೇಳಿದ್ರೆ ಉತ್ತರ ಕೊಡಲ್ಲ ಅನ್ನೋ ಹಟ ನನ್ನದು. ನೀನು ತಪ್ಪು ತಪ್ಪಾಗಿ ಹೇಳ್ತಾ ಹೋದೆ, ನೀಲಮ್ಮ ಒಳಗಿಂದ ಎದ್ದು ಬಂದ್ಲು. ನನಗೂ ಖುಷಿಯಾಗ್ತಿತ್ತು ಮಾರಾಯ. ಅಷ್ಟಲ್ಲದೆ, ಬೆಳಿಗ್ಗೆ ತಟ್ಟೆ ಯಾರಿಗೆ ಹೋಯ್ತು ಅಂತ ಈ ಬೀದೀಲಿ ಹುಟ್ಟಿದವನು ಬಿಟ್ರೆ ಇನ್ಯಾರು ಕೇಳ್ತಿದ್ರು?" ಆಮೇಲೆ ಅಭಯನ ಕಡೆ ತಿರುಗಿ ಟೀಚರಾದರು. "ಮೊನ್ನೆ ಫೋನಲ್ಲಿ ಹೇಳಿದೆನಲ್ಲ, ಸೆಲ್ವಿ ಬಂದ ಬೆಳಿಗ್ಗೆ? ಅಲ್ಲಿಂದ ಮುಂದುವರ್ಸಿ. ನಾನು ಹೇಳ್ತಾ ಹೋಗ್ತೀನಿ. ನನ್ನ ಪುಸ್ತಕ ರಾತ್ರಿಗೇ ಮುಗೀತು, ಅದು ಹಾಗೇ ಇರುತ್ತೆ. ಬೆಳಿಗ್ಗೆ ನಿಮ್ಮದು. ಆದ್ರೆ ಚೌಡಪ್ಪ ದಾರೀಲೇ ಇರ್ತಾನೆ. ಆ ತಟ್ಟೇನ ಅವನ ಕೈಲಿ ಎತ್ತಿಸಬಾರದು."

"ಎಷ್ಟು ದಿನ ಮೇಡಂ?"

"ನೀವು ಎಳೆಯೋಷ್ಟು ದಿನ."

ಅಭಯ ಕ್ಯಾಪು ತೆಗೆದು ಕೈಮುಗಿದ. ಪುಷ್ಪಮ್ಮ ಕಣ್ಣೊರೆಸಿಕೊಂಡು, "ಹಾಗಾದ್ರೆ ನನಗೆ ಗೊತ್ತಾಗೋದೇ ಇಲ್ಲ ಅನ್ನು," ಎಂದರು. ಆದರೆ ಆ ಮಾತಿನಲ್ಲಿ ಬೇಸರವಿರಲಿಲ್ಲ. ಕಿಟಕಿ ಪಕ್ಕದ ಸೀಟು ಉಳಿದ ಸಮಾಧಾನವಿತ್ತು.

ಹರ್ಷ ಮೆಲ್ಲಗೆ ಮುಚ್ಚಿಟ್ಟ ತಟ್ಟೆಯನ್ನು ಅಭಯನ ಕಡೆಗೆ ಸರಿಸಿದ. ವಿಶಾಲಮ್ಮ ಅದನ್ನು ಹರ್ಷನ ಕಡೆಗೇ ಮರಳಿ ಸರಿಸಿದರು.

"ಪದ್ಧತಿ ಮರೆತ್ಯಾ? ಬಾಗಿಲಿಗೆ ಮೊದಲು ಬಂದವನು ನೀನು."

ಅವನು ಮೇಲಿನ ತಟ್ಟೆ ಎತ್ತಿದ. ಅನ್ನವಿಲ್ಲ, ರೊಟ್ಟಿಯಿಲ್ಲ. ಅಂಚಿನಿಂದ ಅಂಚಿನವರೆಗೆ ಹಾಗಲಕಾಯಿ. ಪಲ್ಯ ಒಂದು ಕಡೆ, ಗೊಜ್ಜು ಒಂದು ಕಡೆ, ಹುರಿದ ಬಿಲ್ಲೆಗಳು ಸುತ್ತ, ನಡುವೆ ಶಿಖರದಂತೆ ಒಂದು ತುಂಬುಗಾಯಿ.

ಮೊದಲು ಷಡಕ್ಷರಪ್ಪ ನಕ್ಕರು. ಆಮೇಲೆ ಪುಷ್ಪಮ್ಮ, ಅಭಯ, ವಿಶಾಲಮ್ಮ. ಕೊನೆಗೆ ಹರ್ಷವರ್ಧನ ನಗತೊಡಗಿದ. ಅದು ಯಾರ ದನಿಯೂ ಅಲ್ಲ, ಅವನದೇ. ಊ ಎಂದು ಏರಿ, ಎಲ್ಲರ ನಗುವನ್ನೂ ಮುಳುಗಿಸಿ, ಎಳೆದು ಎಳೆದು ನಿಲ್ಲದೆ ಹೋಯಿತು. ಅದು ಇಳಿಯುವವರೆಗೆ ಭದ್ರಾವತಿಯವರೆಲ್ಲ ಕೈಯಲ್ಲಿದ್ದುದನ್ನು ಹಾಗೇ ಹಿಡಿದು ಕಾದರು. ಅಭಯನೊಬ್ಬ ಮತ್ತೆ ಕಿವಿ ಮುಚ್ಚಿಕೊಂಡು ಕೇಳಿದ:

"ಇದು ಎಷ್ಟು ಗಂಟೆಯ ಸೈರನ್ನು?"